ಡಿಂಗಲ್‌ಗೆ ಒಂದೇ ದಿನದ ಗೈಡೆಡ್ ಟೂರ್: ಹೆಂಡ್ತಿಗೆ ಬಸ್ಸಲ್ಲಿ ವಾಂತಿ, ಮಂಡಿ ನೋವು ಬೇರೆ, ಹೋಗಬಹುದಾ?

ಪ್ರಶ್ನೆ: "ಮೇಡಂ, ನಾನು ಶಿವಮೊಗ್ಗದ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು, ವಯಸ್ಸು 67. ನಮ್ಮನೆಯವ್ರಿಗೆ 62, ಮಂಡಿ ನೋವಿದೆ. ಸೆಪ್ಟೆಂಬರ್ ಕೊನೇಲಿ ಡಬ್ಲಿನ್‌ನಲ್ಲಿರೋ ಮಗನ ಮನೆಗೆ ಹತ್ತು ದಿನಕ್ಕೆ ಹೋಗ್ತಿದೀವಿ. ಅವನು ಐರ್ಲೆಂಡಿನ ಪಶ್ಚಿಮದಲ್ಲಿರೋ ಡಿಂಗಲ್ ಪೆನಿನ್ಸುಲಾಗೆ ಒಂದು ದಿನದ ಗೈಡೆಡ್ ಟೂರ್ ನೋಡಿಟ್ಟಿದಾನೆ. ಬೆಳಿಗ್ಗೆ 7ಕ್ಕೆ ಡಬ್ಲಿನ್‌ನಿಂದ ಟ್ರೈನು, ಕಿಲಾರ್ನಿಲಿ ಬಸ್ಸು, ರಾತ್ರಿ 9:30ಕ್ಕೆ ವಾಪಸ್. ನಮ್ಮನೆಯವ್ರು ಆಗುಂಬೆ ಘಾಟಿ ಇಳಿಯೋ ಅಷ್ಟ್ರಲ್ಲಿ ಎರಡು ಸಲ ವಾಂತಿ ಮಾಡ್ತಾರೆ. ಅಲ್ಲಿಗೆ ಹೋಗಿಬಂದ ಪರಿಚಯದವ್ರು ಹೇಳೋ ಪ್ರಕಾರ ಬಸ್ಸು ಬಂಡೆ ಅಂಚಲ್ಲೇ ಹೋಗುತ್ತಂತೆ, ಕೆಳಗೆ ನೋಡಿದ್ರೆ ಸಮುದ್ರ ಅಂತೆ, ವರ್ಷವಿಡೀ ಮಳೆಯಂತೆ, ಗೈಡು ಕುರಿ ಮಂದೆ ಥರ ಹತ್ತಿಸಿ ಇಳಿಸ್ತಾನಂತೆ. ಡಾಲ್ಫಿನ್ ಒಂದು ಮಾತ್ರ ನೋಡ್ಲೇಬೇಕು ಅಂದ್ರು. ನಾವು ಶುದ್ಧ ಸಸ್ಯಾಹಾರಿಗಳು. ಮಗ 'ಬೇಕಾದ್ರೆ ಕಾರು ಬಾಡಿಗೆಗೆ ತಗೊಂಡು ನಾನೇ ಓಡಿಸ್ತೀನಿ' ಅಂತಾನೆ. ಹೋದ್ರೆ ಇವಳಿಗೆ ಹಿಂಸೆ, ಬೇಡ ಅಂದ್ರೆ ಅವನಿಗೆ ಬೇಜಾರು. ಏನು ಮಾಡ್ಲಿ?"

ಉತ್ತರ:

ಮೇಷ್ಟ್ರೇ, ನಿಮ್ಮ ಪತ್ರ ಎರಡು ಸಲ ಓದಿದೆ. ಮಳೆ, ಬಂಡೆ, ಕುರಿ ಮಂದೆ ಅಂತ ಏನೇನೋ ಬರ್ದಿದೀರಿ, ಆದ್ರೆ ನಿಮ್ಮ ನಿಜವಾದ ಚಿಂತೆ ಮನೆಯವ್ರು ಆ ದಿನ ಪೂರ್ತಿ ಹೊಟ್ಟೆ ಹಿಡ್ಕೊಂಡು ಕೂತು ಮಗನ ಎದುರು "ಚೆನ್ನಾಗಿದೆ ಕಣೋ" ಅಂತ ನಗೋ ಹಾಗೆ ಆಗಬಾರ್ದು ಅನ್ನೋದು ಅಲ್ವಾ? ಅಂಥ ಅಮ್ಮಂದಿರನ್ನ ನಾನು ಬೇಕಾದಷ್ಟು ನೋಡಿದೀನಿ. ಹನ್ನೊಂದು ವರ್ಷದಿಂದ ಡಿಂಗಲ್ ಇರೋ ಕೆರಿ ಕೌಂಟಿಲಿ (ನಮ್ಮ ಜಿಲ್ಲೆ ಇದ್ದ ಹಾಗೆ) ಟೂರ್ ಪ್ಲಾನಿಂಗ್ ಕೆಲ್ಸ ನಂದು, ನಮ್ಮೂರ ಕಡೆಯ ಅಪ್ಪ ಅಮ್ಮ ಬಂದ್ರೆ ಎಷ್ಟೋ ಸಲ ನಾನೇ ಜೊತೆಗೆ ಹೋಗ್ತೀನಿ. ಹಾಗಾಗಿ ನೇರವಾಗಿ ಹೇಳ್ಬಿಡ್ತೀನಿ, ಡಿಂಗಲ್‌ಗೆ ಖಂಡಿತ ಹೋಗಿ, ಆದ್ರೆ ಮಗ ನೋಡಿಟ್ಟಿರೋ ಆ ಪ್ಯಾಕೇಜಲ್ಲಿ ಬೇಡ.

ಯಾಕೆ ಅಂದ್ರೆ ಲೆಕ್ಕ ಹಾಕಿ ನೋಡಿ. ಡಬ್ಲಿನ್‌ನಿಂದ ಡಿಂಗಲ್ ಊರಿಗೆ ಸುಮಾರು 350 ಕಿಲೋಮೀಟರು, ಅಂದ್ರೆ ಐರ್ಲೆಂಡ್ ದೇಶಾನ ಈ ಕಡೆಯಿಂದ ಆ ಕಡೆಗೆ ಪೂರ್ತಿ ದಾಟಿದ ಹಾಗೆ. ಬೆಳಿಗ್ಗೆ 7ಕ್ಕೆ ಹತ್ತಿದ್ರೆ ಸಾಮಾನ್ಯವಾಗಿ ಮ್ಯಾಲೋ ಅನ್ನೋ ಸ್ಟೇಷನ್ನಲ್ಲಿ ಟ್ರೈನ್ ಬದಲಾಯಿಸಿ ಕಿಲಾರ್ನಿ ತಲುಪೋಕೆ ಮೂರೂಕಾಲು ಮೂರೂವರೆ ಗಂಟೆ, ವಾಪಸ್ ಬರೋಕೂ ಅಷ್ಟೇ, ಒಟ್ಟು ಏಳು ಗಂಟೆ ಟ್ರೈನಿಗೇ ಹೋಯ್ತು. ಕಿಲಾರ್ನಿಯಿಂದ ಡಿಂಗಲ್ 65 ಕಿಲೋಮೀಟರ್ ಚಿಲ್ಲರೆ, ಅಲ್ಲಿಂದ ಮುಂದೆ ಪೆನಿನ್ಸುಲಾದ ತುದಿ ಸುತ್ತಿ ಬರೋ ಸ್ಲೇ ಹೆಡ್ ರಸ್ತೆ 47 ಕಿಲೋಮೀಟರ್, ಆಮೇಲೆ ವಾಪಸ್ ಕಿಲಾರ್ನಿ, ಬಸ್ಸಲ್ಲಿ ಕೂತಿರೋದೇ ಸುಮಾರು ನಾಲ್ಕು ಗಂಟೆ. ಹದಿನಾಲ್ಕೂವರೆ ಗಂಟೇಲಿ ಉಳಿದಿದ್ದು ಮೂರೂವರೆ ಗಂಟೆ, ಅದ್ರಲ್ಲಿ ಊಟ, ಟಾಯ್ಲೆಟ್ಟು, ಲೇಟಾಗಿ ಬರೋರಿಗೆ ಕಾಯೋದು ಎಲ್ಲಾ ಬಂತು. ಸಮುದ್ರ ನೋಡೋಕೆ ಹೋಗಿ ಸೀಟಿನ ಬೆನ್ನು ನೋಡ್ಕೊಂಡು ಬಂದ ಹಾಗೆ ಆಗುತ್ತೆ.

ಕುರಿ ಮಂದೆ ಥರ ಅಂದ್ರಲ್ಲ, ಅದ್ರಲ್ಲಿ ಸ್ವಲ್ಪ ಸತ್ಯ ಇದೆ, ಆದ್ರೆ ತಪ್ಪು ಗೈಡ್‌ದಲ್ಲ. ಯುರೋಪಲ್ಲಿ ಬಸ್ ಡ್ರೈವರ್‌ಗಳಿಗೆ ಕಾನೂನು ಬಿಗಿ, ನಾಲ್ಕೂವರೆ ಗಂಟೆ ಓಡಿಸಿದ್ಮೇಲೆ 45 ನಿಮಿಷ ಬ್ರೇಕ್ ತಗೊಳ್ಳೇಬೇಕು, ದಿನಕ್ಕೆ ಮಾಮೂಲಿ 9 ಗಂಟೆ ಡ್ರೈವಿಂಗ್ ಅಷ್ಟೇ, ಎಲ್ಲಾ ಬಸ್ಸಲ್ಲಿರೋ ಮಷಿನಲ್ಲಿ ರೆಕಾರ್ಡ್ ಆಗ್ತಿರುತ್ತೆ. ಅದರ ಮೇಲೆ ಸಂಜೆ ಟ್ರೈನ್ ಹಿಡಿಸ್ಬೇಕು. ಹೀಗಿರೋವಾಗ ಗೈಡು "ಹದಿನೈದು ನಿಮಿಷ" ಅಂದ್ರೆ ಹದಿನೈದೇ ನಿಮಿಷ. ಮಂಡಿ ನೋವಿರೋರು ಬಸ್ಸಿಂದ ಇಳ್ದು, ನಾಲ್ಕು ಹೆಜ್ಜೆ ಹೋಗಿ, ಮತ್ತೆ ಬಂದು ಹತ್ತೋಕೇ ಅಷ್ಟು ಹೊತ್ತು ಬೇಕು.

ಇನ್ನು ಬಂಡೆ ಅಂಚಿನ ವಿಷ್ಯ. ಸ್ಲೇ ಹೆಡ್ ರಸ್ತೆ ಕಿರಿದು, ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಮೊಣಕಾಲೆತ್ತರದ ಕಲ್ಲಿನ ಗೋಡೆ, ಅದರಾಚೆ ಅಟ್ಲಾಂಟಿಕ್, ಅದು ನಿಜ. ಆದ್ರೆ ಅಲ್ಲಿ ದೊಡ್ಡ ಬಸ್ಸುಗಳೆಲ್ಲಾ ಒಂದೇ ದಿಕ್ಕಲ್ಲಿ, ಗಡಿಯಾರದ ಮುಳ್ಳು ತಿರುಗೋ ಹಾಗೆ ಹೋಗ್ತವೆ, ಎದುರಿಂದ ಇನ್ನೊಂದು ಬಸ್ ಬಂದು ಸಿಕ್ಕಾಕೊಳ್ಳದೆ ಇರ್ಲಿ ಅಂತ. ಎದುರಿಗೆ ಬರೋದು ಗೊತ್ತಿಲ್ಲದೆ ಉಲ್ಟಾ ಬಂದ ಬಾಡಿಗೆ ಕಾರು, ಇಲ್ಲಾ ಅಲ್ಲಿಯವರ ಟ್ರಾಕ್ಟರು. ಆಗ ನಮ್ಮ ಡ್ರೈವರ್ ಸೈಡ್ ಮಿರರ್ ಮಡಚಿ ಇಂಚಿಂಚೇ ಮುಂದೆ ಹೋಗ್ತಾನೆ, ದಾಟಿದ್ಮೇಲೆ ಸ್ಟೀರಿಂಗ್ ಮೇಲಿಂದ ತೋರುಬೆರಳು ಒಂದನ್ನ ಮೇಲೆತ್ತುತ್ತಾನೆ, ಎದುರಿನವನೂ ಒಂದು ಬೆರಳು ಎತ್ತುತ್ತಾನೆ, ಕೆರಿ ಜನರ ನಮಸ್ಕಾರ ಅದು. ಹೆಚ್ಚಿನ ಕಡೆ ಮೂವತ್ತರ ಮೇಲೆ ಸ್ಪೀಡೇ ಇರಲ್ಲ. ಗ್ಲೆನ್‌ಫಹಾನ್ ಹತ್ರ ಒಂದು ತೊರೆ ರಸ್ತೆ ಮೇಲೇ ಹರಿಯುತ್ತೆ, ಬಸ್ಸು ಅದ್ರಲ್ಲೇ ಸರ್ರಂತ ದಾಟುತ್ತೆ, ಮೊದಲ ಸಲ ಬಂದವ್ರೆಲ್ಲಾ ಅಲ್ಲಿ "ಅಯ್ಯೋ" ಅಂತಾರೆ, ನೀರು ಟೈರಿನ ಕಾಲುಭಾಗಕ್ಕೂ ಬರಲ್ಲ.

ಆ ದಿಕ್ಕಿಗೂ ನಿಮ್ಮ ಸೀಟಿಗೂ ಸಂಬಂಧ ಇದೆ ನೋಡಿ, ಇದನ್ನ ಬುಕಿಂಗ್ ಮಾಡೋವಾಗ ಯಾರೂ ಹೇಳಲ್ಲ. ಗಡಿಯಾರದ ದಿಕ್ಕಲ್ಲಿ ಹೋಗೋದ್ರಿಂದ ಸಮುದ್ರ ಯಾವಾಗ್ಲೂ ಎಡಗಡೆ. ಅಲ್ಲೂ ನಮ್ಮ ಹಾಗೇ ರಸ್ತೆ ಎಡಕ್ಕೇ ಓಡಿಸೋದು, ಅಂದ್ರೆ ಬಸ್ಸು ಅಂಚಿನ ಕಡೇಲೇ ಇರುತ್ತೆ. ನೋಡೋ ಆಸೆ ಇರೋರು ಎಡ ಕಿಟಕಿ ಹಿಡೀಬೇಕು, ನೀವು ಅಲ್ಲೇ ಕೂರಿ. ಮನೆಯವ್ರು ಬಲಗಡೆ, ಮುಂದಿನ ಎರಡು ಮೂರು ಸಾಲೊಳಗೆ, ಗಾಜಿನಾಚೆ ರಸ್ತೆ ಕಾಣೋ ಹಾಗೆ ಕೂರ್ಲಿ. ಗಂಡ ಹೆಂಡ್ತಿ ಬೇರೆ ಬೇರೆ ಕೂತ್ರೆ ಏನೂ ಆಗಲ್ಲ, ಒಂದೂವರೆ ಗಂಟೆ ತಾನೇ!

ಸೀಟಿನ ಪಾಠ ನಾನು ಕಲ್ತಿದ್ದು ನನ್ನ ತಪ್ಪಿಂದ್ಲೇ. ಈ ಕೆಲ್ಸಕ್ಕೆ ಸೇರಿದ ಎರಡನೇ ವರ್ಷ ಹಾಸನದ ಕಡೆ ಒಬ್ಬರು ಅಮ್ಮ ಬಂದಿದ್ರು, ಒಳ್ಳೇ ವ್ಯೂ ಸಿಗ್ಲಿ ಅಂತ ನಾನೇ ಹಿಂದಿನ ಸಾಲಲ್ಲಿ ಎಡಗಡೆ ಕಿಟಕಿ ಕೊಟ್ಟೆ. ಬಸ್ಸಿನ ಹಿಂಭಾಗ ತಿರುವಲ್ಲಿ ಬಾಲ ಬೀಸಿದ ಹಾಗೆ ಬೀಸುತ್ತೆ ಅಂತ ಗೊತ್ತಿರ್ಲಿಲ್ಲ ಅಂತಲ್ಲ, ಆ ಹೊತ್ತಿಗೆ ಯೋಚ್ನೆ ಬರ್ಲಿಲ್ಲ. ಡಿಂಗಲ್ ದಾಟಿ ವೆಂಟ್ರಿ ಅನ್ನೋ ಹಳ್ಳಿ ಬರೋ ಅಷ್ಟ್ರಲ್ಲಿ ಅವ್ರ ಮುಖ ಬಿಳಿಚಿಕೊಂಡಿತ್ತು. ಬೀಚ್ ಹತ್ರ ಬಸ್ ನಿಲ್ಸಿದ್ವಿ, ಕಲ್ಲಿನ ಕಟ್ಟೆ ಮೇಲೆ ಕೂತ್ರು, ಡ್ರೈವರ್ ತನ್ನ ಡಬ್ಬಿಯಿಂದ ಶುಂಠಿ ಬಿಸ್ಕೆಟ್ ತೆಗ್ದು ಕೊಟ್ಟ, ಅವ್ರು ಅದನ್ನ ಕೈಯಲ್ಲಿ ಹಿಡ್ಕೊಂಡು ತಿನ್ನೋಕೂ ಆಗ್ದೆ "ನನ್ನಿಂದ ಎಲ್ಲರಿಗೂ ತೊಂದ್ರೆ" ಅಂತ ಅತ್ತುಬಿಟ್ರು. ಮುಂದಿನ ಸೀಟಿಗೆ ಕೂರಿಸಿದ್ಮೇಲೆ ಉಳಿದ ದಾರಿ ಪೂರ್ತಿ ಆರಾಮಾಗಿದ್ರು. ಅವತ್ತಿಂದ ಯಾರಿಗೇ ಬುಕ್ ಮಾಡಿದ್ರೂ ಮೊದಲು ಕೇಳೋದು "ಯಾರಿಗೆ ವಾಂತಿ ಆಗುತ್ತೆ" ಅಂತ.

ವಾಂತಿಗೆ ಕಾರಣ ಹೊಟ್ಟೆ ಅಲ್ಲ ಮೇಷ್ಟ್ರೇ, ಕಿವಿ. ಒಳಕಿವಿ "ನಾವು ತಿರುಗ್ತಿದೀವಿ" ಅನ್ನುತ್ತೆ, ಮುಂದಿನ ಸೀಟೋ ಮೊಬೈಲೋ ನೋಡ್ತಿರೋ ಕಣ್ಣು "ಇಲ್ಲ, ಕೂತಿದೀವಿ" ಅನ್ನುತ್ತೆ, ಇಬ್ಬರ ಜಗಳದಲ್ಲಿ ತಲೆ ಸುತ್ತುತ್ತೆ. ಅದಕ್ಕೇ ಡ್ರೈವಿಂಗ್ ಮಾಡೋರಿಗೆ ಆಗೋದು ಕಮ್ಮಿ. ಮುಂದೆ ಕೂರೋದು, ದೂರದ ದಿಗಂತ ನೋಡೋದು, ಫೋನ್ ಮುಟ್ಟದೆ ಇರೋದು, ಬೆಳಿಗ್ಗೆ ಖಾಲಿ ಹೊಟ್ಟೇನೂ ಬೇಡ ಎಣ್ಣೆ ತಿಂಡಿನೂ ಬೇಡ, ಎರಡು ಇಡ್ಲಿ ಅಷ್ಟು ಸಾಕು. ಮಾತ್ರೆ ತಗೊಂಡ್ರೆ ಹೊರಡೋಕೆ ಮುಂಚೆ ತಗೋಬೇಕು, ಶುರುವಾದ್ಮೇಲೆ ನುಂಗಿದ್ರೆ ಹೊರಗೇ ಬರುತ್ತೆ. ಆದ್ರೆ ನಮ್ಮ ಕಡೆ ಸಾಮಾನ್ಯವಾಗಿ ತಗೊಳ್ಳೋ ಮಾತ್ರೆಗಳಲ್ಲಿ ನಿದ್ದೆ ಬರಿಸೋವೇ ಜಾಸ್ತಿ. ಬಿಪಿ, ಶುಗರ್ ಮಾತ್ರೆ ನಡೀತಿದ್ರೆ ಶಿವಮೊಗ್ಗದಲ್ಲೇ ನಿಮ್ಮ ಡಾಕ್ಟ್ರನ್ನ ಕೇಳ್ಕೊಂಡು ಹೊರಡಿ, ಇದು ನನ್ನ ಕ್ಷೇತ್ರ ಅಲ್ಲ. ಒಂದು ಸಮಾಧಾನ ಅಂದ್ರೆ ಸ್ಲೇ ಹೆಡ್ ಆಗುಂಬೆ ಅಲ್ಲ. ಹೇರ್‌ಪಿನ್ ಮೇಲೆ ಹೇರ್‌ಪಿನ್ ಇಲ್ಲ, ಓರೆಕೋರೆ ತಿರುವು, ಅದೂ ಹತ್ತು ನಿಮಿಷಕ್ಕೊಂದು ಕಡೆ ನಿಲ್ಸೋ ಜಾಗ.

ಆಗುಂಬೆಗೆ ಹೋಲಿಸೋದಾದ್ರೆ ಅದು ಕಾನರ್ ಪಾಸು. ಡಿಂಗಲ್ ಊರಿಂದ ಉತ್ತರಕ್ಕೆ ಬೆಟ್ಟ ಹತ್ತಿ ಇಳಿಯೋ ರಸ್ತೆ, ಒಂದು ಕಡೆ ಬಂಡೆ ತಲೆ ಮೇಲೇ ಬಾಗಿರುತ್ತೆ, ಒಂದು ಕಾರಿಗಷ್ಟೇ ಜಾಗ. ನಮ್ಮ ಘಾಟಿಲಿ ದೊಡ್ಡ ಬಸ್ ಬಿಡದೆ ಮಿನಿ ಬಸ್ ಓಡಿಸ್ತಾರಲ್ಲ, ಅಲ್ಲಿ ಇನ್ನೂ ಬಿಗಿ, ಟೂರ್ ಬಸ್ಸಿಗೆ ಪ್ರವೇಶವೇ ಇಲ್ಲ. ಹಾಗಾಗಿ ಗ್ರೂಪ್ ಟೂರಲ್ಲಿ ಹೋದ್ರೆ ಆ ಭಯ ನಿಮಗೆ ಬರೋದೇ ಇಲ್ಲ. ಪ್ರೈವೇಟ್ ಕಾರಲ್ಲಿ ಹೋದ್ರೆ ಡ್ರೈವರ್‌ಗೆ ಮೊದ್ಲೇ ಹೇಳಿ, ಕಾನರ್ ಪಾಸ್ ಬೇಡಪ್ಪಾ ಅಂತ.

ಮಳೆ. ಹೌದು, ಬರುತ್ತೆ. ಕೆರಿ ಐರ್ಲೆಂಡಲ್ಲೇ ಹೆಚ್ಚು ಮಳೆ ಬೀಳೋ ಜಾಗಗಳಲ್ಲಿ ಒಂದು, ಪಕ್ಕದ ಪೆನಿನ್ಸುಲಾದಲ್ಲಿರೋ ವ್ಯಾಲೆನ್ಷಿಯಾ ಹವಾಮಾನ ಕೇಂದ್ರದಲ್ಲಿ ವರ್ಷಕ್ಕೆ 1,500 ಮಿಲಿಮೀಟರ್ ಮೇಲೆ. ಆದ್ರೆ ಆಗುಂಬೆಲಿ 7,000 ದಾಟೋದನ್ನ ನೋಡಿದೋರು ನೀವು, ನಿಮಗೆ ನಾನು ಮಳೆ ಬಗ್ಗೆ ಹೇಳೋದಾ! ವ್ಯತ್ಯಾಸ ಏನಂದ್ರೆ ನಮ್ಮಲ್ಲಿ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತೆ, ಅಲ್ಲಿ ಅಷ್ಟಷ್ಟೇ ವರ್ಷವಿಡೀ ಜಿನುಗುತ್ತೆ. ಬೆಳಿಗ್ಗೆ ಇಂಚ್ ಬೀಚಲ್ಲಿ ಮಳೆ, ಅರ್ಧ ಗಂಟೆಗೆ ವೆಂಟ್ರಿಲಿ ಬಿಸಿಲು, ಇದು ಮಾಮೂಲಿ. ಮಳೆಯಿಂದ ಟ್ರಿಪ್ ಹಾಳಾಗಲ್ಲ. ಹಾಳು ಮಾಡೋದು ಮಂಜು ಮತ್ತೆ ಗಾಳಿ. ಮೋಡ ಬೆಟ್ಟದಿಂದ ಇಳ್ದು ರಸ್ತೆ ಮೇಲೆ ಕೂತ್ರೆ ಎಡ ಕಿಟಕಿಯಾಗ್ಲಿ ಬಲ ಕಿಟಕಿಯಾಗ್ಲಿ ಎಲ್ಲಾ ಬಿಳೀ ಪಂಚೆ. ಗಾಳಿಗೆ ಛತ್ರಿ ಉಲ್ಟಾ ಆಗುತ್ತೆ, ತರ್ಬೇಡಿ, ಟೋಪಿ ಇರೋ ರೇನ್‌ಕೋಟು ತನ್ನಿ. ಅಲ್ಲಿನ ಹವಾಮಾನ ಇಲಾಖೆ ಮೆಟ್ ಏರನ್ ಹಳದಿ, ಕಿತ್ತಳೆ, ಕೆಂಪು ಅಂತ ಎಚ್ಚರಿಕೆ ಕೊಡುತ್ತೆ. ಹಳದಿ ಇದ್ರೆ ಹೋಗ್ತೀವಿ, ಕಿತ್ತಳೆ ಗಾಳಿ ಎಚ್ಚರಿಕೆ ಇದ್ರೆ ನಾನು ಯಾರನ್ನೂ ಕಳ್ಸಲ್ಲ, ದುಡ್ಡು ಹೋದ್ರೆ ಹೋಗ್ಲಿ. ಅದಕ್ಕೇ ಒಂದು ದಿನ ಮೀಸಲು ಇಟ್ಕೊಳ್ಳಿ ಅನ್ನೋದು.

ಡಾಲ್ಫಿನ್ ವಿಷ್ಯಕ್ಕೆ ನಿಮ್ಮ ಪರಿಚಯದವ್ರು ಹೋಗಿ ಬಹಳ ವರ್ಷ ಆಗಿರ್ಬೇಕು. ಫಂಗಿ ಅಂತ ಅದರ ಹೆಸ್ರು, 1983ರಿಂದ ಡಿಂಗಲ್ ಬಂದರಲ್ಲೇ ಒಂಟಿಯಾಗಿತ್ತು, ದೋಣಿ ಕಂಡ್ರೆ ಓಡಿ ಬರ್ತಿತ್ತು, 2020ರ ಅಕ್ಟೋಬರಲ್ಲಿ ಕಾಣದೆ ಹೋಯ್ತು, ಆಮೇಲೆ ಯಾರೂ ನೋಡಿಲ್ಲ. ಈಗ ಬಂದರ ಹತ್ರ ಅದರ ಕಂಚಿನ ಮೂರ್ತಿ ಇದೆ, ಮಕ್ಕಳು ಹತ್ತಿ ಹತ್ತಿ ಬೆನ್ನು ಹೊಳೀತಿದೆ. ಇನ್ನೊಂದು, "ಸ್ಕೆಲಿಗ್ ದ್ವೀಪಕ್ಕೂ ಹೋಗ್ಬಹುದಾ" ಅಂತ ಮಗ ಕೇಳಬಹುದು, ಎಲ್ಲರೂ ಕೇಳ್ತಾರೆ. ಅದರ ದೋಣಿ ಡಿಂಗಲ್‌ನಿಂದ ಅಲ್ಲ, ಪಕ್ಕದ ಪೆನಿನ್ಸುಲಾದ ಪೋರ್ಟ್‌ಮಗೀ ಕಡೆಯಿಂದ, ಮೇಲೆ ಆರುನೂರಕ್ಕೂ ಹೆಚ್ಚು ಕಲ್ಲಿನ ಮೆಟ್ಲು, ಹಿಡ್ಕೊಳ್ಳೋಕೆ ಕಂಬಿ ಇಲ್ಲ, ಈ ಮಂಡಿಗೆ ಬೇಡವೇ ಬೇಡ. ಆಕಾಶ ತಿಳಿಯಾಗಿದ್ರೆ ಸ್ಲೇ ಹೆಡ್ಡಿಂದ್ಲೇ ದೂರದಲ್ಲಿ ಸ್ಕೆಲಿಗ್‌ನ ಎರಡು ಮೊನಚು ಬಂಡೆ ಕಾಣುತ್ತೆ.

ಹಾಗಾದ್ರೆ ಹೇಗೆ ಹೋಗೋದು? ನಿಮ್ಮ ಜಾಗದಲ್ಲಿ ನಮ್ಮಪ್ಪ ಅಮ್ಮ ಇದ್ದಿದ್ರೆ ನಾನು ಮಾಡ್ತಿದ್ದಿದ್ದು ಇಷ್ಟು: ಡಬ್ಲಿನ್‌ನಿಂದ ಮಧ್ಯಾಹ್ನದ ಟ್ರೈನಲ್ಲಿ ಕಿಲಾರ್ನಿಗೆ ಬಂದು ಎರಡು ರಾತ್ರಿ ಉಳ್ಕೊಳ್ಳೋದು. ಮಾರನೇ ದಿನ ಅಲ್ಲಿಂದ್ಲೇ ಹೊರಡೋ ಸಣ್ಣ ಬಸ್ಸಿನ ಗೈಡೆಡ್ ಟೂರು, ಹದಿನಾರು ಇಪ್ಪತ್ತು ಸೀಟಿಂದು, ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಹೊರಟು ಸಂಜೆ ಐದು ಆರಕ್ಕೆ ವಾಪಸ್. ಅದೇ ದಾರಿ, ಅದೇ ಗೈಡು, ಟ್ರೈನಿನ ಏಳು ಗಂಟೆ ಮಾತ್ರ ಆ ದಿನದಲ್ಲಿ ಇಲ್ಲ. ಸೆಪ್ಟೆಂಬರ್ ಕೊನೇಲಿ ಸಂಜೆ ಏಳರ ತನಕ ಬೆಳಕಿರುತ್ತೆ, ಅವಸರ ಇಲ್ಲ. ಮಾರನೇ ದಿನ ಮಂಜು ಅಂತ ಗೊತ್ತಾದ್ರೆ ಟೂರನ್ನ ಅದರ ಮುಂದಿನ ದಿನಕ್ಕೆ ತಳ್ಳಿ, ಬೇಕಾದ್ರೆ ಇನ್ನೊಂದು ರಾತ್ರಿ ಉಳ್ಕೊಳ್ಳಿ. ಅನಾನುಕೂಲ ಏನಂದ್ರೆ ಹೋಟ್ಲು ಖರ್ಚು, ಮಗನಿಗೆ ಎರಡು ಮೂರು ದಿನ ರಜಾ. ಅಕ್ಟೋಬರ್ ಹತ್ರ ಬರ್ತಿದ್ದ ಹಾಗೆ ಕೆಲವು ಟೂರ್‌ಗಳು ವಾರಕ್ಕೆ ಕೆಲವೇ ದಿನ ಓಡ್ತವೆ, ಜನ ಕಮ್ಮಿ ಆದ್ರೆ ಕ್ಯಾನ್ಸಲ್ಲೂ ಮಾಡ್ತಾರೆ, ಹಾಗಾಗಿ ಬುಕ್ ಮಾಡೋವಾಗ "ಕನಿಷ್ಠ ಎಷ್ಟು ಜನ ಬೇಕು, ಕ್ಯಾನ್ಸಲ್ ಆದ್ರೆ ಯಾವಾಗ ತಿಳಿಸ್ತೀರಿ" ಅಂತ ಮೇಲ್ ಹಾಕಿ ಉತ್ತರ ಇಟ್ಕೊಳ್ಳಿ.

ದುಡ್ಡು ಪರವಾಗಿಲ್ಲ ಅಂದ್ರೆ ಪ್ರೈವೇಟ್ ಡ್ರೈವರ್-ಗೈಡ್. ಮಂಡಿ ನೋವಿಗೆ ಇದು ಎಲ್ಲಕ್ಕಿಂತ ಒಳ್ಳೇದು, ಬೇಕಾದ ಕಡೆ ನಿಲ್ಸಬಹುದು, ಬೇಡ ಅಂದ್ರೆ ಮುಂದೆ ಹೋಗಬಹುದು, ಅಮ್ಮ ಡ್ರೈವರ್ ಪಕ್ಕದ ಸೀಟಲ್ಲೇ ಕೂರಬಹುದು. ಮೂರೇ ಜನಕ್ಕೆ ತಲೆಗೆ ಬಹಳ ಬೀಳುತ್ತೆ, ಇನ್ನೊಂದು ಫ್ಯಾಮಿಲಿ ಜೊತೆ ಸೇರಿದ್ರೆ ಸರಿಹೋಗುತ್ತೆ.

ಮಗ ಓಡಿಸೋ ವಿಚಾರ ನನಗೆ ಅಷ್ಟು ಇಷ್ಟ ಇಲ್ಲ, ಕಾರಣ ಹೇಳ್ತೀನಿ. ಮೊದಲು ಅವನ ಹತ್ರ ಯಾವ ಲೈಸೆನ್ಸ್ ಇದೆ ಕೇಳಿ. ಭಾರತದ ಲೈಸೆನ್ಸಲ್ಲಿ ಟೂರಿಸ್ಟ್ ಆಗಿ ಬಂದೋರು 12 ತಿಂಗಳ ತನಕ ಓಡಿಸಬಹುದು, ಅಲ್ಲೇ ವಾಸ ಇರೋರು ಅಲ್ಲಿನದ್ದೇ ಮಾಡಿಸ್ಕೋಬೇಕು, ನಮ್ಮದನ್ನ ಕೊಟ್ಟು ಅವರದ್ದು ತಗೊಳ್ಳೋ ವ್ಯವಸ್ಥೆ ಭಾರತಕ್ಕಿಲ್ಲ. ಹೊಸದಾಗಿ ಮಾಡಿಸಿದ್ರೆ ಎರಡು ವರ್ಷ ಕಾರಿಗೆ ಎನ್ ಅಂತ ಬೋರ್ಡ್ ಹಾಕ್ಕೊಂಡು ಓಡಿಸ್ಬೇಕು, ಅಂಥವ್ರಿಗೆ ಬಾಡಿಗೆ ಕಾರು ಸಿಗೋದು ಕಷ್ಟ. ಎಲ್ಲಾ ಸರಿ ಇದ್ರೂ, ಆ ರಸ್ತೇಲಿ ಓಡಿಸೋನು ಸಮುದ್ರ ನೋಡೋಕಾಗಲ್ಲ, ಕಣ್ಣೆಲ್ಲಾ ಗೋಡೆ ಮೇಲೆ. ರಸ್ತೆಬದಿ ಬೋರ್ಡಲ್ಲಿ 80 ಅಂತ ಇರುತ್ತೆ, ಅದನ್ನ ನೋಡಿ ಯಾರೂ 80 ಹೋಗಲ್ಲ. ಅದೂ ಅಲ್ದೆ ಆ ಭಾಗ ಐರಿಷ್ ಮಾತಾಡೋ ಪ್ರದೇಶ, ಊರಿನ ಹೆಸ್ರಿನ ಬೋರ್ಡುಗಳು ಹೆಚ್ಚಾಗಿ ಐರಿಷಲ್ಲೇ ಇರ್ತವೆ. ರಸ್ತೆ ಮೇಲೆ ದೊಡ್ಡದಾಗಿ ಬರ್ದಿರೋದನ್ನ ನಮ್ಮೋರು "ಗೋ ಮಾಲ್" ಅಂತ ಓದಿ ಮುಂದೆ ಶಾಪಿಂಗ್ ಮಾಲ್ ಇದೆ ಅಂದ್ಕೊಳ್ತಾರೆ, ಅದರರ್ಥ "ನಿಧಾನ"! (ಡಿಂಗಲ್ ಊರಿನ ಹೆಸ್ರು ಬೋರ್ಡಲ್ಲಿ ಯಾವ ಭಾಷೇಲಿ ಇರ್ಬೇಕು ಅಂತ ಅಲ್ಲಿಯವ್ರೂ ವರ್ಷಗಟ್ಲೆ ಜಗಳ ಆಡಿ, 2006ರಲ್ಲಿ ಮತದಾನ ಮಾಡಿ, 2011ಕ್ಕೆ ಬಗೆಹರಿಸ್ಕೊಂಡ್ರು. ನಮ್ಮ ಬೆಂಗ್ಳೂರಿನ ಬೋರ್ಡು ಗಲಾಟೆ ನೋಡಿದೋರಿಗೆ ಅರ್ಥ ಆಗುತ್ತೆ.)

ಹೋದ್ಮೇಲೆ ಎಲ್ಲಿ ಇಳೀಬೇಕು ಎಲ್ಲಿ ಕೂರ್ಬೇಕು ಅಂತನೂ ಹೇಳ್ತೀನಿ. ಇಂಚ್ ಬೀಚಲ್ಲಿ ಇಳೀರಿ, ಐದು ಕಿಲೋಮೀಟರ್ ಉದ್ದದ ಗಟ್ಟಿ ಮರಳು, ಮಂಡಿಗೆ ಆರಾಮು. ಸ್ಲೇ ಹೆಡ್ಡಲ್ಲಿ ಏಸುವಿನ ಬಿಳೀ ಶಿಲುಬೆ ಇರೋ ತಿರುವಲ್ಲಿ ರಸ್ತೆಬದಿಯಿಂದ್ಲೇ ಎಲ್ಲಾ ಕಾಣುತ್ತೆ, ನಡೆಯೋದೇ ಬೇಡ. ಫಹಾನ್ ಹತ್ರ ಜೇನುಗೂಡಿನ ಆಕಾರದ ಕಲ್ಲಿನ ಗುಡಿಸಲುಗಳು, ಖಾಸಗಿ ಜಮೀನಲ್ಲಿವೆ, ಸ್ವಲ್ಪ ದುಡ್ಡು ತಗೊಳ್ತಾರೆ, ಏರು ಜಾಗ, ನೀವು ಹೋಗಿ ಬನ್ನಿ, ಅವ್ರು ಕೂರ್ಲಿ. ಕುಮಿನೂಲ್ ಬೀಚನ್ನ ಮೇಲಿಂದ್ಲೇ ನೋಡಿ, ಅಲ್ಲಿ ಸೆಳೆತ ಕೆಟ್ಟದ್ದು, ನೀರಿಗೆ ಇಳಿಯೋ ಹಾಗಿಲ್ಲ. ಡನ್‌ಕ್ವಿನ್ ಜೆಟ್ಟಿಗೆ ಹಾವಿನ ಥರ ಸುತ್ತಿ ಇಳಿಯೋ ದಾರಿ ಇದೆ, ಫೋಟೋದಲ್ಲಿ ಬಹಳ ಚೆನ್ನಾಗಿ ಕಾಣುತ್ತೆ, ಇಳಿಯೋದು ಸುಲಭ, ಹತ್ತೋವಾಗ ಮಂಡಿ ಲೆಕ್ಕ ಕೇಳುತ್ತೆ.

ಅದರ ಬದ್ಲು ಹತ್ರದಲ್ಲೇ ಇರೋ ಬ್ಲಾಸ್ಕೆಟ್ ಸೆಂಟರಲ್ಲಿ ಒಂದು ಗಂಟೆ ಕಳೀರಿ. ಮೇಷ್ಟ್ರಿಗೆ ಅಂತಾನೇ ಮಾಡಿದ ಜಾಗ ಅದು. ಎದುರಿಗೆ ಕಾಣೋ ದೊಡ್ಡ ಬ್ಲಾಸ್ಕೆಟ್ ದ್ವೀಪದಲ್ಲಿ ಜನ ವಾಸ ಇದ್ರು, ವೈದ್ಯರಿಲ್ಲ, ಸಮುದ್ರ ಕೆಟ್ಟರೆ ವಾರಗಟ್ಲೆ ದೋಣಿ ಇಲ್ಲ, ಚಿಕ್ಕವ್ರೆಲ್ಲಾ ಅಮೆರಿಕಾಗೆ ಹೋದ್ರು, ಕೊನೆಗೆ ಉಳ್ದಿದ್ದು ಇಪ್ಪತ್ತು ಚಿಲ್ಲರೆ ಜನ, 1953ರ ನವೆಂಬರಲ್ಲಿ ಸರ್ಕಾರವೇ ಅವ್ರನ್ನ ಈಚೆ ದಡಕ್ಕೆ ಕರ್ಕೊಂಡು ಬಂತು. ಆ ಸಣ್ಣ ದ್ವೀಪದ ಮೀನುಗಾರರು, ಅಜ್ಜಿಯಂದಿರು ತಮ್ಮ ಬದುಕನ್ನ ಐರಿಷಲ್ಲೇ ಬರ್ದಿದ್ದು, ಹೇಳಿ ಬರೆಸಿದ್ದು ಇವತ್ತಿಗೂ ಆ ಭಾಷೆಯ ದೊಡ್ಡ ಸಾಹಿತ್ಯ. ಕುರ್ಚಿ ಇದೆ, ಟಾಯ್ಲೆಟ್ ಇದೆ, ದೊಡ್ಡ ಗಾಜಿನಾಚೆ ಅದೇ ದ್ವೀಪ ಕಾಣ್ತಿರುತ್ತೆ. ದ್ವೀಪಕ್ಕೇ ಹೋಗೋ ದೋಣಿ ಮಾತ್ರ ಬೇಡ, ಅಲ್ಲಿ ಇಳಿಯೋವಾಗ ಸಣ್ಣ ರಬ್ಬರ್ ದೋಣಿಗೆ ದಾಟಬೇಕು, ಪಾಚಿ ಹಿಡಿದ ಇಳಿಜಾರು.

ಗ್ಯಾಲರಸ್ ಬಿಡ್ಬೇಡಿ. ಸಾವಿರ ವರ್ಷದ ಆಸುಪಾಸಿನ ಸಣ್ಣ ಪ್ರಾರ್ಥನಾ ಮಂದಿರ, ಮಗುಚಿ ಹಾಕಿದ ದೋಣಿ ಥರ ಇರುತ್ತೆ, ಗಾರೆ ಇಲ್ಲ, ಬರೀ ಕಲ್ಲಿನ ಮೇಲೆ ಕಲ್ಲು. ಒಳಗೆ ಕತ್ಲೆ, ಒಂದೇ ಒಂದು ಪುಟ್ಟ ಕಿಟಕಿ. ಗೋಡೆಗೆ ಕೈ ಇಟ್ಟು ನೋಡಿ, ಹೊರಗೆ ಮಳೆ ಇದ್ರೂ ಒಣಗಿರುತ್ತೆ, ಯಾಕಂದ್ರೆ ಪ್ರತಿ ಕಲ್ಲನ್ನೂ ಹೊರಕ್ಕೆ ಒಂಚೂರು ಇಳಿಜಾರಾಗಿ ಕೂರಿಸಿದಾರೆ, ನೀರು ಒಳಗೆ ಬರದೆ ಆಚೆಗೇ ಜಾರುತ್ತೆ, ನಮ್ಮ ಮಲೆನಾಡಿನ ಹೆಂಚಿನ ಮನೆಯದ್ದೇ ಬುದ್ಧಿ.

ಕೊನೇದಾಗಿ ಊಟ. ಡಿಂಗಲ್ ಮೀನಿನ ಊರು. ಸಸ್ಯಾಹಾರಿ ಅಂತ ಬರ್ದಿರೋ ತರಕಾರಿ ಸೂಪಿಗೂ ಕೋಳಿ ಬೇಯಿಸಿದ ನೀರು ಹಾಕಿರಬಹುದು, ಚಿಪ್ಸನ್ನ (ಅಲ್ಲಿ ಆಲೂ ಫ್ರೈಸ್‌ಗೆ ಹಾಗಂತಾರೆ) ಮೀನು ಕರಿದ ಎಣ್ಣೇಲೇ ಕರಿದಿರಬಹುದು, ಎರಡನ್ನೂ ಬಾಯಿ ಬಿಟ್ಟು ಕೇಳ್ಬೇಕು, ಕೇಳಿದ್ರೆ ನಿಜ ಹೇಳ್ತಾರೆ. ಅಲ್ಲಿನ ಸೋಡಾ ಬ್ರೆಡ್ಡು ಮಜ್ಜಿಗೆ ಹಾಕಿ ಮಾಡೋದು, ಬೆಣ್ಣೆ ಹಚ್ಚಿ ತಿಂದ್ರೆ ಹೊಟ್ಟೆ ತುಂಬುತ್ತೆ. ಮೊಟ್ಟೆನೂ ತಿನ್ನಲ್ಲ ಅಂದ್ರೆ ಕೇಕು ಸ್ಕೋನು ಮುಟ್ಬೇಡಿ. ನನ್ನ ಕೇಳಿದ್ರೆ ಮಗನ ಮನೆಯಿಂದ್ಲೇ ಚಪಾತಿ, ಚಟ್ನಿಪುಡಿ ಕಟ್ಕೊಂಡು ಬನ್ನಿ, ಇಂಚ್ ಬೀಚಿನ ಬೆಂಚಲ್ಲಿ ಕೂತು ತಿನ್ನಿ, ಯಾರೂ ಏನೂ ಅನ್ನಲ್ಲ, ಸೀಗಲ್ ಹಕ್ಕಿ ಮಾತ್ರ ಕೈಯಿಂದ್ಲೇ ಕಿತ್ಕೊಂಡು ಹೋಗುತ್ತೆ, ಹುಷಾರು. ಶಿವಮೊಗ್ಗದಿಂದ ತುಪ್ಪ, ಪೇಡಾ ತರೋ ಯೋಚನೆ ಇದ್ರೆ ಬಿಡಿ, ಯುರೋಪಿಯನ್ ಯೂನಿಯನ್ ಹೊರಗಿಂದ ಹಾಲಿನ ಪದಾರ್ಥ ಲಗೇಜಲ್ಲಿ ಬಿಡಲ್ಲ, ಏರ್‌ಪೋರ್ಟಲ್ಲೇ ತೆಗೆಸ್ತಾರೆ. ಚಟ್ನಿಪುಡಿಗೆ ಆ ತೊಂದ್ರೆ ಇಲ್ಲ.

ಮಗನಿಗೆ ಇಷ್ಟು ತೋರಿಸಿ, ಆ ಪ್ಯಾಕೇಜಿಗೆ ದುಡ್ಡು ಕಟ್ಟಿಲ್ಲದಿದ್ರೆ ಇವತ್ತೇ ಬಿಟ್ಟುಬಿಡೋಕೆ ಹೇಳಿ. ಕಟ್ಟಾಗಿದ್ರೆ ಎಷ್ಟು ದಿನ ಮುಂಚೆ ಹೇಳಿದ್ರೆ ವಾಪಸ್ ಕೊಡ್ತಾರೆ ನೋಡಿ ನನಗೊಂದು ಸಾಲು ಬರೀರಿ, ದಿನಾಂಕ ಗೊತ್ತಾದ್ರೆ ಕಿಲಾರ್ನಿಯಿಂದ ಆ ವಾರ ಯಾವ ಯಾವ ದಿನ ಸಣ್ಣ ಬಸ್ ಓಡುತ್ತೆ ಅಂತ ನೋಡಿ ಹೇಳ್ತೀನಿ.